ತಾತನ ಗರಿ

ಒಣಗಿದ ತೆಂಗಿನ ಗರಿ ಸುಡುವ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಲಗ್ಗೆರೆಯ ನಮ್ಮ ಶೀಟಿನ ಮನೆಯ ಹಿತ್ತಲಲ್ಲಿ ಅಜ್ಜಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತಿರುತ್ತೇನೆ. ಈಸ್ಟರ್‌ಗೆ ಹಿಂದಿನ ವಾರ, ಗರಿಗಳ ಭಾನುವಾರ, ಚರ್ಚಿನಲ್ಲಿ ಕೊಟ್ಟ ಗರಿಯನ್ನು ನಮ್ಮವರು ವರ್ಷವಿಡೀ ಯೇಸುಸ್ವಾಮಿಯ ಪಟದ ಹಿಂದೆ ಸಿಕ್ಕಿಸಿಡುತ್ತಿದ್ದರು. ಮರುವರ್ಷ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಹತ್ತಿರವಾದಾಗ ಅಜ್ಜಿ ಮನೆಮನೆಗೆ ಹೋಗಿ ಅವನ್ನೆಲ್ಲ ಕೇಳಿ ತರುತ್ತಿದ್ದಳು. ಸುಟ್ಟು, ಹಳೇ ಪಂಚೆಯಲ್ಲಿ ಮೂರು ಸಲ ಸೋಸಿ, ಆ ಕಾಲದ ಮೊದಲ ದಿನವಾದ ಬೂದಿ ಬುಧವಾರ ಫಾದರ್ ಎಲ್ಲರ ಹಣೆಗೆ ಹಚ್ಚುವ ಬೂದಿ ಮಾಡಿಕೊಡುವುದು ಅವಳ ಕೆಲಸ. ಓದು ಬಾರದ ಅಜ್ಜಿಗೆ ಚರ್ಚಿನಲ್ಲಿದ್ದ ಪದವಿ ಅದೊಂದೇ. ಆ ದಿನ ಅವಳ ನಡಿಗೆಯ ಗತ್ತು ನೋಡಬೇಕಿತ್ತು.

ನನಗೆ ಹತ್ತು ವರ್ಷವಾಗಿದ್ದಾಗ ಆ ಪದವಿಗೆ ನಾನೇ ಕುತ್ತು ತಂದೆ. ಬೂದಿ ಬುಧವಾರದ ಹಿಂದಿನ ದಿನ ಬೆಳಿಗ್ಗೆ ಹಂಡೆಗೆ ಉರಿ ಹಾಕಲು ಅಮ್ಮ ಹೇಳಿದ್ದಳು. ಅಪ್ಪ ಪೀಣ್ಯದ ಕಾರ್ಖಾನೆಯಿಂದ ತರುತ್ತಿದ್ದ ಪ್ಯಾಕಿಂಗ್ ಮರದ ತುಂಡುಗಳು ಬೇಗ ಹತ್ತಿಕೊಳ್ಳುತ್ತಿರಲಿಲ್ಲ. ಬಚ್ಚಲ ಮೂಲೆಯ ಚೀಲದಲ್ಲಿ ಒಣಕಲು ಕಸವೇನೋ ಕಂಡಿತು, ಅಷ್ಟನ್ನೂ ತುರುಕಿದೆ. ಅಜ್ಜಿ ಬಂದು ನೋಡುವ ಹೊತ್ತಿಗೆ ಎಲ್ಲ ಮನೆಗಳ ಗರಿಯೂ ಮರದ ಬೂದಿ, ತುಕ್ಕು ಮೊಳೆಗಳ ಜೊತೆ ಒಂದಾಗಿತ್ತು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಲೆಯ ಮುಂದೆ ಕೂತು ಕಡ್ಡಿಯಿಂದ ಬೂದಿ ಕೆದಕಿ ಕೆದಕಿ ನೋಡಿದಳು.

ಆಮೇಲೆ ಎದ್ದು, ಟ್ರಂಕಿನ ತಳದಿಂದ ಜಪಸರದ ಡಬ್ಬಿ ತೆಗೆದಳು. ಅದರೊಳಗೆ ಪುಟ್ಟ ಶಿಲುಬೆಯಂತೆ ಮಡಚಿದ ಒಂದು ಗರಿಯಿತ್ತು. ತಾತ ತನ್ನ ಕೊನೆಯ ವರ್ಷ ಗರಿಗಳ ಭಾನುವಾರದ ಮೆರವಣಿಗೆಯಲ್ಲಿ ಹಿಡಿದು ನಡೆದ ಗರಿ ಅದು. ಮುಟ್ಟಲೂ ನಮಗೆ ಬಿಡುತ್ತಿರಲಿಲ್ಲ.

“ಅದು ಬೇಡ ಅಜ್ಜಿ, ತಾತಂದು,” ಎಂದು ನಾನು ಅಳತೊಡಗಿದೆ.

“ತಾತನೂ ಚರ್ಚಿಗೆ ಬರ್ಲಿ ಬಿಡೇ,” ಎನ್ನುತ್ತ ಕಡ್ಡಿ ಗೀರಿದಳು.

ಸಿಕ್ಕಿದ್ದು ಒಂದು ಚಮಚವೂ ಇಲ್ಲದಷ್ಟು ಬೂದಿ. ಮರುದಿನ ಬೆಳಗಿನ ಪೂಜೆಗೆ ಮುಂಚೆ ಬಟ್ಟಲು ನೋಡಿ ಫಾದರ್ ಇಷ್ಟೇನಾ ಅಮ್ಮ ಎಂದು ಕೇಳಿದರು. ನಾನು ಅವಳ ಸೆರಗಿನ ಮರೆಯಲ್ಲಿ ಅಡಗಿದ್ದೆ. ಅಜ್ಜಿ ನನ್ನ ಹೆಸರೆತ್ತಲಿಲ್ಲ.

“ಚಿಟಿಕೆ ಸಾಕು ಫಾದರ್. ಹಣೆ ಎಷ್ಟಗಲ ಇರುತ್ತೆ?”

ಸಾಲು ಬಾಗಿಲಾಚೆಗೂ ಇತ್ತು. ಫಾದರ್ ಬೆರಳ ತುದಿಯಲ್ಲಿ ಹಗುರವಾಗಿ ಮುಟ್ಟಿಸುತ್ತ ಬಂದರು. ಕೊನೆಗೆ ನಿಂತಿದ್ದ ಅಜ್ಜಿಗೆ ಬಟ್ಟಲ ತಳ ಒರೆಸಿ ಹಚ್ಚಿದರು. ಎಲ್ಲರಿಗೂ ಆಯಿತು.

ಈಗ ಅಜ್ಜಿಯಿಲ್ಲ. ಶೀಟಿನ ಮನೆಯ ಜಾಗದಲ್ಲಿ ಮೂರಂತಸ್ತಿನ ಕಟ್ಟಡವಿದೆ, ಹಿತ್ತಲು ಪಾರ್ಕಿಂಗ್ ಆಗಿದೆ. ಚರ್ಚಿಗೆ ಬೂದಿ ಪೊಟ್ಟಣದಲ್ಲಿ ಬರುತ್ತದೆ. ಕೊಡುವುದು ಎಂದರೆ ಏನು ಎಂದು ಫಾದರ್‌ಗಳ ಬಾಯಿಂದ ಎಷ್ಟೋ ಪ್ರಸಂಗ ಕೇಳಿದ್ದೇನೆ, ನನಗೆ ತಿಳಿದದ್ದು ಮಾತ್ರ ಆ ಬಟ್ಟಲಿನಿಂದ. ಅಂಥವಳ ಮೊಮ್ಮಗಳು ನಾನು ಎಂದು ಯಾರ ಮುಂದಾದರೂ ಎದೆಯುಬ್ಬಿಸಿ ಹೇಳುತ್ತೇನೆ.

ಅವತ್ತು ಪೂಜೆ ಮುಗಿದು ಜನ ಬಸ್‌ಸ್ಟಾಪಿಗೆ, ಪೀಣ್ಯದ ಬೆಳಗಿನ ಪಾಳಿಗೆ ಹೊರಟರು. ಒಬ್ಬೊಬ್ಬರ ಹಣೆಯ ಮೇಲೂ ನಮ್ಮ ತಾತ ಹೋಗುತ್ತಿದ್ದ. ಅಜ್ಜಿ ನನ್ನ ಕೈ ಹಿಡಿದು ಮೆಟ್ಟಿಲ ಮೇಲೆ ನಿಂತು, ಕೊನೆಯವರು ತಿರುವು ದಾಟುವವರೆಗೂ ನೋಡಿದಳು.