ಜವರಮ್ಮನ ಮರಿಗೆಯ ಮೊಂಡ ಕಾಳು

ಕುದುರೆಮುಖದ ನೆತ್ತಿ ಇನ್ನೂ ಮಂಜಿನ ಮುಸುಕು ತೆಗೆದಿಲ್ಲ. ಸಂಸೆಯ ಕೆಳಗಿನ ಹಳ್ಳದಲ್ಲಿ ಮೊಣಕಾಲುದ್ದ ನೀರಿಗಿಳಿದು, ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಜವರಮ್ಮ ಮರಿಗೆ ಆಡಿಸುತ್ತಿದ್ದಾರೆ. ಮರಿಗೆ ಎಂದರೆ ಮರ ಕೊರೆದು ಮಾಡಿದ ಅಗಲ ಬಾಯಿಯ ಪಾತ್ರೆ. ಅದರೊಳಗೆ ಎರಡು ಸೇರು ಮರಳು. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು, ಆಮೇಲೆ ಮುಂದಕ್ಕೆ ಮೆಲ್ಲಗೆ ಒಂದು ಬಾಗು. ಹಗುರವಾದದ್ದು ನೀರಿನ ಜೊತೆ ಹೊರಟುಹೋಗುತ್ತದೆ, ಭಾರವಾದದ್ದು ತಳದಲ್ಲಿ ಕೂರುತ್ತದೆ. ಎರಡು ಸೇರು ಮರಳು ಕೊನೆಗೆ ಒಂದು ಚಿಟಿಕೆ ಆಗುವಷ್ಟರಲ್ಲಿ ಹಳ್ಳದ ಆಚೆ ದಡಕ್ಕೆ ಬಿಸಿಲು ಬಂದಿರುತ್ತದೆ.

ನೀರು ಕೊರೆಯುವುದಿಲ್ಲವೇ ಎಂದು ಕೇಳಿದವರಿಗೆ ಆಕೆಯ ಹತ್ತಿರ ಉತ್ತರ ಸಿದ್ಧವಿದೆ. "ಮೊದಲ್ನೇ ಮರಿಗೆಗೆ ತಣ್ಣಗಿರ್ತದೆ. ಹತ್ತನೇ ಮರಿಗೆ ಹೊತ್ತಿಗೆ ಕಾಲು ಇದೆಯೋ ಇಲ್ವೋ ಅಂತಲೇ ಗೊತ್ತಾಗಲ್ಲ. ಇಲ್ಲದ ಕಾಲಿಗೆ ಚಳಿ ಎಂತದ್ದು?" ಹೀಗೆಂದು ಹನ್ನೊಂದನೆಯ ಮರಿಗೆಗೆ ಮರಳು ತುಂಬಿಕೊಳ್ಳುತ್ತಾರೆ. ದಿನಕ್ಕೆ ನಲವತ್ತು ಮರಿಗೆ, ವಾರಕ್ಕೆ ಆರು ದಿನ. ಮಾಘ ಕಳೆದು ನೀರು ಇಳಿದಾಗ ಶುರುವಾದ ಈ ಕೆಲಸ ಮೊದಲ ಮಳೆ ಬೀಳುವವರೆಗೂ ನಡೆಯುತ್ತದೆ.

ಜಾವಳಿಯಲ್ಲಿ ಹುಟ್ಟಿ, ಸಂಸೆಗೆ ಸೊಸೆಯಾಗಿ ಬಂದವರು ಜವರಮ್ಮ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುತ್ತಾರೆ, ಉಳಿದಾಗ ಹಳ್ಳ. ಮರಿಗೆ ಹಿಡಿಯುವುದನ್ನು ಕಲಿಸಿದ್ದು ಅತ್ತೆ ಮರಿಯಮ್ಮ. ಆ ಅತ್ತೆ ಬಾಯಿಬಿಟ್ಟು ಹೇಳಿಕೊಟ್ಟವರಲ್ಲ. ತಪ್ಪಾದರೆ ಮರಿಗೆಯನ್ನು ಕೈಯಿಂದ ಕಿತ್ತುಕೊಳ್ಳುತ್ತಿದ್ದರು, ಸರಿಯಾದರೆ ಸುಮ್ಮನಿರುತ್ತಿದ್ದರು. "ಒಂದು ವರ್ಷ ಕಿತ್ಕೊಂಡ್ರು. ಆಮೇಲೆ ಒಂದಿನ ಕಿತ್ಕೊಳ್ಳಲೇ ಇಲ್ಲ. ಅವತ್ತು ಮನೆಗೆ ಹೋಗಿ ಇವರ ಹತ್ರ ಹೇಳಿದ್ರೆ, ಅಮ್ಮಂಗೆ ಮೈ ಸರಿ ಇರ್ಲಿಲ್ವೇನೋ ಅಂದ್ರು." ದಡದಲ್ಲಿ ಕುಳಿತು ಮರಳು ಜರಡಿ ಹಿಡಿಯುತ್ತಿರುವ ಗಂಡ ಲಕ್ಕಯ್ಯ ಇದನ್ನು ಕೇಳಿಸಿಕೊಂಡೂ ಕೇಳಿಸದವರಂತೆ ನಗುತ್ತಾರೆ.

ನಾಲ್ಕು ವರ್ಷಗಳಿಂದ ಆಕೆ ತೊಳೆಯುತ್ತಿರುವುದು ಸರ್ಕಾರಕ್ಕೆ. ನಾಡಿನ ಕಲ್ಲು ಮಣ್ಣುಗಳಲ್ಲಿ ಏನೇನಿದೆ ಎಂದು ಹುಡುಕುವ ಕಚೇರಿಯೊಂದಿದೆಯಲ್ಲ, ಊರವರ ಬಾಯಲ್ಲಿ ಅದು 'ಕಲ್ಲಾಫೀಸು'. ಅದರ ಡೇರೆ ಬೇಸಗೆಯಲ್ಲಿ ಇಲ್ಲಿ ಬೀಡುಬಿಡುತ್ತದೆ. ಹಳ್ಳದ ಇಂತಿಂಥ ತಿರುವಿನ ಮರಳನ್ನು ತೊಳೆದು, ತಳದ ಚಿಟಿಕೆಯನ್ನು ಪೊಟ್ಟಣ ಕಟ್ಟಿ ಕೊಡುವುದು ಜವರಮ್ಮನ ಕೆಲಸ. ಕೊಡುವ ಮೊದಲು ಅದನ್ನು ಬಾಳೆ ಎಲೆಯ ಮೇಲೆ ಹರಡಿ ಬೇರೆ ಬೇರೆ ಮಾಡುತ್ತಾರೆ. ಅದನ್ನು ಯಾರೂ ಕೇಳಿಲ್ಲ, ಆದರೂ ಮಾಡುತ್ತಾರೆ.

ಆಕೆಯ ವಿಂಗಡಣೆ ಬಲು ಸರಳ. ಸೂಜಿಗಲ್ಲಿಗೆ ಹಾರಿಬಂದು ಅಂಟುವುದು ಕರಿಮರಳು. ಪಾದರಸ ಮುಟ್ಟಿಸಿದರೆ ಅದರೊಳಗೆ ಸೇರಿಹೋಗುವುದು ಚಿನ್ನ. ಹಲ್ಲಿನಲ್ಲಿ ಕಚ್ಚಿದರೆ ಚಪ್ಪಟೆಯಾಗುವುದು ಬೇಟೆಯವರು ಹಾರಿಸಿದ ಸೀಸದ ಚೂರು. ಇನ್ನು ಕೆಲವು ಕಾಳುಗಳಿವೆ, ಸಾಸಿವೆಯ ಕಾಲುಭಾಗವೂ ಇಲ್ಲ. ಬೆಳ್ಳಿಯ ಹಾಗೆ ಹೊಳೆಯುತ್ತವೆ, ಭಾರದಲ್ಲಿ ಚಿನ್ನಕ್ಕೆ ಸಮವಾಗಿ ತಳದಲ್ಲಿ ಕೂರುತ್ತವೆ. ಆದರೆ ಸೂಜಿಗಲ್ಲು ಕರೆದರೆ ಬರುವುದಿಲ್ಲ, ಪಾದರಸಕ್ಕೆ ಸೇರುವುದಿಲ್ಲ, ಹಲ್ಲಿಗೂ ಬಗ್ಗುವುದಿಲ್ಲ. ಮರಿಯಮ್ಮ ಅದಕ್ಕೆ 'ಮೊಂಡ' ಎಂದು ಹೆಸರಿಟ್ಟಿದ್ದರು. ಮನೆತನದಲ್ಲಿ ಆ ಹೆಸರೇ ಉಳಿದಿದೆ.

ಮೊಂಡನನ್ನು ಕಂಡರೆ ಹಿಂದೆ ಯಾರಿಗೂ ಆಗುತ್ತಿರಲಿಲ್ಲ. ಸರ್ಕಾರದ ಕೆಲಸಕ್ಕೆ ಮೊದಲು ಇವರ ಚಿನ್ನ ಕೊಳ್ಳುತ್ತಿದ್ದ ಕಳಸದ ಅಂಗಡಿಯ ಏಕಾಂತಪ್ಪನವರು ಚಿನ್ನದ ಪುಡಿಯಲ್ಲಿ ಒಂದು ಬಿಳಿ ಕಾಳು ಕಂಡರೂ ಮುಖ ಗಂಟು ಹಾಕುತ್ತಿದ್ದರಂತೆ. "ಇದು ಅಕ್ಕಸಾಲಿಗನ ಅರ ಮುರಿಯುತ್ತೆ ತಾಯಿ, ಆರಿಸಿಕೊಂಡು ಬಾ" ಎಂದು ಪೊಟ್ಟಣವನ್ನೇ ವಾಪಸು ತಳ್ಳುತ್ತಿದ್ದರಂತೆ. ಹಾಗಾಗಿ ಅತ್ತೆ ಸೊಸೆ ಇಬ್ಬರೂ ಕೋಳಿ ಪುಕ್ಕದಲ್ಲಿ ಮೊಂಡನನ್ನು ಆರಿಸಿ ತೆಗೆಯುತ್ತಿದ್ದರು. ತೆಗೆದದ್ದನ್ನು ಎಲ್ಲೆಂದರಲ್ಲಿ ಎಸೆದರೆ ನಾಳೆ ಮತ್ತೆ ಮರಿಗೆಗೇ ಬರುತ್ತದೆ. ಅದಕ್ಕೇ ಸಂಜೆ ಮನೆಗೆ ಹೋಗುವಾಗ ಕೆಳಗಿನ ಅಡ್ಡಬಂಡೆಯ ಹಿಂದಿನ ಗುಂಡಿಗೆ ಹಾಕಿ ಕೈ ಮುಗಿದು ಬರುವುದು ಪದ್ಧತಿ. ಮೊಂಡನನ್ನು ತವರಿಗೆ ಕಳಿಸುವುದು ಎನ್ನುತ್ತಾರೆ ಅದಕ್ಕೆ.

ಕಳೆದ ವರ್ಷ, ಮೂವತ್ತೈದನೇ ಇಸವಿಯ ಬೇಸಗೆಯಲ್ಲಿ, ಡೇರೆಗೆ ಸೋಮಶೇಖರಪ್ಪ ಎಂಬ ಹೊಸ ಆಫೀಸರು ಬಂದರು. ಮಾತು ಕಡಿಮೆ, ಕಣ್ಣು ಚುರುಕು. ಬಾಳೆ ಎಲೆಯ ಮೇಲಿದ್ದ ಹನ್ನೊಂದು ಬಿಳಿ ಕಾಳುಗಳನ್ನು ನೋಡಿ ಅವರು ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟರು. ಚಾಕುವಿನಿಂದ ಗೀಚಿದರು, ಗೆರೆ ಬೀಳಲಿಲ್ಲ. ಕಾಳಿನಿಂದ ಗಾಜಿನ ಮೇಲೆ ಗೀಚಿದರು, ಗಾಜಿಗೆ ಗೆರೆ ಬಿತ್ತು. ಚಿನ್ನವನ್ನೇ ಕರಗಿಸುವ ಆಸಿಡ್ಡಿಗೆ ಹಾಕಿ ಕಾಯಿಸಿದರು, ಹಾಕಿದ್ದು ಹಾಕಿದ ಹಾಗೇ ಇತ್ತು. ಇದ್ದಲಿನ ಮೇಲಿಟ್ಟು ಊದುಕೊಳವೆಯಿಂದ ಬೆಂಕಿ ಊದಿದರು, ಕರಗಲಿಲ್ಲ. "ಇಷ್ಟೆಲ್ಲ ಯಾಕೆ ಸ್ವಾಮಿ ಕಷ್ಟ? ನನ್ನ ಕೇಳಿದ್ರೆ ಆಗ್ಲೇ ಹೇಳ್ತಿದ್ದೆ, ಮೊಂಡ ಅಂತ" ಎಂದರಂತೆ ಜವರಮ್ಮ.

ಈ ಮೊಂಡನಿಗೆ ಪುಸ್ತಕದ ಹೆಸರು ಆಸ್ಮಿರಿಡಿಯಂ. ಪ್ಲಾಟಿನಂ ಕುಲಕ್ಕೆ ಸೇರಿದ ಆಸ್ಮಿಯಂ, ಇರಿಡಿಯಂ ಎಂಬ ಎರಡು ಲೋಹಗಳು ನೆಲದೊಳಗೇ ಬೆರೆತು ಒಂದಾದ ಅಪರೂಪದ ಖನಿಜ. ನಾವೂ ನೀವೂ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಮೆರೆಯುವ ಫೌಂಟನ್ ಪೆನ್ನಿನ ನಿಬ್ಬಿನ ತುದಿಯಲ್ಲಿ ಒಂದು ಚುಕ್ಕೆ ಲೋಹ ಇರುತ್ತದೆ, ಗಮನಿಸಿದ್ದೀರಾ? ವರ್ಷಗಟ್ಟಲೆ ಕಾಗದದ ಮೇಲೆ ಉಜ್ಜಿದರೂ ಸವೆಯದ ಆ ಚುಕ್ಕೆ ಇದೇ ಲೋಹದ್ದು. ಬರೆಯುವ ನಮಗೆ ಅದರ ಗೊಡವೆ ಇಲ್ಲ, ಅಕ್ಷರ ಬಾರದ ಜವರಮ್ಮನಿಗೆ ಅದರ ಗುಣವೆಲ್ಲ ಬಾಯಿಪಾಠ.

ಸೋಮಶೇಖರಪ್ಪ ಬೆರಗಾದದ್ದು ಇನ್ನೊಂದಕ್ಕೆ. ಜವರಮ್ಮ ಆ ಹನ್ನೊಂದು ಕಾಳುಗಳನ್ನೂ ಎರಡು ಗುಂಪು ಮಾಡಿದ್ದರು. ತುಸು ಬಿಳುಪಾದದ್ದು ಅಕ್ಕ, ತುಸು ಬೂದಿ ಬಣ್ಣದ್ದು ತಂಗಿ. ಇಬ್ಬರಿಗೂ ಏನು ವ್ಯತ್ಯಾಸ ಎಂದರೆ, "ಎಂತ ಹೇಳೋದು ಸ್ವಾಮಿ, ಮುಖ ನೋಡಿದ್ರೆ ಗೊತ್ತಾಗಲ್ವಾ" ಎಂಬ ಉತ್ತರ. ಆಫೀಸರು ಆಕೆಯನ್ನು ದೂರ ನಿಲ್ಲಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ತಂಗಿಯನ್ನು ಕಾಯಿಸಿದರು. ಕಣ್ಣಲ್ಲಿ ನೀರು ತರಿಸುವ ಘಾಟು ಎದ್ದಿತು. ಅಕ್ಕನನ್ನು ಕಾಯಿಸಿದಾಗ ಏನೂ ಇಲ್ಲ. ಆಸ್ಮಿಯಂ ಹೆಚ್ಚಿದ್ದರೆ ಬಣ್ಣ ಬೂದಿ, ಕಾಯಿಸಿದರೆ ಘಾಟು. ಇರಿಡಿಯಂ ಹೆಚ್ಚಿದ್ದರೆ ಬಣ್ಣ ಬಿಳುಪು, ಘಾಟು ಕಾಣದು. ಪುಸ್ತಕದವರು ಈ ಖನಿಜವನ್ನು ಎರಡು ಬಗೆ ಮಾಡಿರುವುದೂ ಹೀಗೆಯೇ. ಹನ್ನೊಂದರಲ್ಲಿ ಒಂದನ್ನೂ ಜವರಮ್ಮ ತಪ್ಪು ಕಡೆ ಇಟ್ಟಿರಲಿಲ್ಲ.

ಕಾಳುಗಳು ಪೊಟ್ಟಣವಾಗಿ ಪಟ್ಟಣದ ದೊಡ್ಡ ಕಲ್ಲಾಫೀಸಿಗೆ ಹೋದವು. ತಿಂಗಳು ಕಳೆದು ಬಂದ ಕಾಗದ ಓದಿ ಸೋಮಶೇಖರಪ್ಪನವರ ಮುಖ ಸಣ್ಣಗಾಯಿತು. ಕಾಳು ಆಸ್ಮಿರಿಡಿಯಂ ಎಂಬುದೇನೋ ನಿಜ, ಆದರೆ ಆ ಸೀಮೆಯಲ್ಲಿ ಅದು ಸಿಗುವ ಸಂಭವವೇ ಇಲ್ಲ. ಯಾರೋ ಹೊರಗಿನಿಂದ ತಂದು ಬೆರೆಸಿದ್ದಾರೆ. ಸಂದೇಹ ನಿವಾರಣೆಯಾಗದಿದ್ದರೆ ಹಳ್ಳದ ಕೆಲಸ ನಿಲ್ಲಿಸಿ, ತೊಳೆಯುವವರನ್ನು ಬದಲಿಸುವುದು ಎಂದಿತ್ತು ಅದರಲ್ಲಿ. ಇಂಗ್ಲಿಷಿನ ಆ ಕಾಗದವನ್ನು ಆಫೀಸರು ಕನ್ನಡದಲ್ಲಿ ಹೇಳಿ ಮುಗಿಸುವವರೆಗೂ ಜವರಮ್ಮ ನಿಂತೇ ಕೇಳಿದರು. "ಕೆಲಸ ಹೋದ್ರೆ ಎಸ್ಟೇಟಲ್ಲಿ ಕಳೆ ತೆಗೀತೀನಿ, ಅದಕ್ಕೆ ಬೇಜಾರಿಲ್ಲ. ಬೆರೆಸಿದ್ಲು ಅಂತ ಬರೆದ್ರಲ್ಲ. ಮೂವತ್ತು ವರ್ಷದಿಂದ ನೀರಲ್ಲಿ ನಿಂತಿದ್ದೀನಿ, ಅದು ಮಾತ್ರ ಮನಸ್ಸಿಗೆ ನಾಟ್ತು." ಇದನ್ನು ಹೇಳುವಾಗ ಇವತ್ತಿಗೂ ಆಕೆಯ ದನಿ ಗಡುಸಾಗುತ್ತದೆ.

ಇನ್ನಷ್ಟು ಕಾಳು ಕಳಿಸಿದರೆ ಅವರು ನಂಬಲೇಬೇಕು ಎಂದು ಆಫೀಸರು ಮರುದಿನವೇ ಹಳ್ಳವನ್ನೆಲ್ಲ ತಡಕಿದರು. ಅಡ್ಡಬಂಡೆಯ ಹಿಂದಿನ ಗುಂಡಿಯ ಒಂದೇ ಬುಟ್ಟಿ ಮರಳಿನಲ್ಲಿ ನೂರಾರು ಬಿಳಿ ಕಾಳುಗಳು ಮಿನುಗಿದವು. ಮಾತೇ ಆಡದ ಮನುಷ್ಯ ಹಿಗ್ಗಿಹೋದರು. ಇದು ದೊಡ್ಡ ನಿಕ್ಷೇಪ, ಇವತ್ತೇ ರಿಪೋರ್ಟು ಬರೆಯುತ್ತೇನೆ, ನಿಮ್ಮ ಮೇಲಿನ ಮಾತೂ ಇವತ್ತಿಗೇ ತೀರಿತು ಎಂದು ಪೆನ್ನಿನ ಟೋಪಿ ತೆಗೆದೇಬಿಟ್ಟರು.

ಜವರಮ್ಮ ಸುಮ್ಮನಿದ್ದಿದ್ದರೆ ಅಲ್ಲಿಗೆ ಎಲ್ಲ ಸುಖಾಂತವಾಗುತ್ತಿತ್ತು. ಲಕ್ಕಯ್ಯ ಹೆಂಡತಿಯ ಸೆರಗು ಎಳೆದು, ಸುಮ್ಮನಿರು ಮಾರಾಯ್ತಿ ಎಂದು ಕಣ್ಣಲ್ಲೇ ಹೇಳಿದ್ದೂ ಉಂಟು. ಆಕೆ ಸೆರಗು ಬಿಡಿಸಿಕೊಂಡರು. "ಬರೀಬೇಡಿ ಸ್ವಾಮಿ. ಅದು ಹೊಳೆ ತಂದಿಟ್ಟದ್ದಲ್ಲ, ನಾವು ಹಾಕಿದ್ದು. ನಮ್ಮತ್ತೆ ಕಾಲದಿಂದ ಆರಿಸಿ ಆರಿಸಿ ಅಲ್ಲೇ ಹಾಕ್ತಾ ಬಂದಿದ್ದೀವಿ. ಅದನ್ನ ಕಳಿಸಿದ್ರೆ ಅವರು ಬರೆದ ಮಾತೇ ನಿಜ ಆಗ್ತದೆ."

ಸೋಮಶೇಖರಪ್ಪ ಪೆನ್ನಿಗೆ ಟೋಪಿ ಹಾಕಿ ಬಂಡೆಯ ಮೇಲೆ ಕುಳಿತರು. ಕೊನೆಗೆ ದಾರಿ ತೋರಿಸಿದ್ದೂ ಜವರಮ್ಮನೇ. ಇದುವರೆಗೆ ಯಾರೂ ಮರಿಗೆ ಇಳಿಸದ ಮೇಲಿನ ಕವಲಿಗೆ ಹೋಗಬೇಕು. ತೊಳೆಯುವಾಗ ಆಫೀಸರು ಪಕ್ಕದಲ್ಲೇ ಕುಳಿತು ಒಂದೊಂದು ಮರಿಗೆಯನ್ನೂ ನೋಡಬೇಕು. ಹಳೇ ಮರಿಗೆ ಮುಟ್ಟಕೂಡದು, ಅದರ ಮರದ ಎಳೆಗಳೊಳಗೆ ಹಳೇ ಮೊಂಡ ಕೂತಿದ್ದರೂ ಕೂತಿದ್ದೀತು. ಅತ್ತೆ ಕೊಟ್ಟ ಮರಿಗೆಯನ್ನು ಆಕೆ ಒರೆಸಿ ಅಟ್ಟಕ್ಕಿಟ್ಟರು. ಲಕ್ಕಯ್ಯ ಎರಡು ದಿನ ಕೂತು ಹಲಸಿನ ಮರದಲ್ಲಿ ಹೊಸದು ಕೊರೆದರು, ಗೊಣಗುತ್ತಲೇ ಕೊರೆದರು. "ಸತ್ಯ ಹೇಳಿದ್ದು ಇವಳು, ಕೈ ಬೊಬ್ಬೆ ಬಂದಿದ್ದು ನಂಗೆ" ಎಂಬುದು ಅವರ ದೂರು.

ಮೊದಲ ದಿನ ನಲವತ್ತು ಮರಿಗೆ, ಬರೀ ಕರಿಮರಳು. ಎರಡನೆಯ ದಿನ ನಲವತ್ತು, ಚಿನ್ನದ ಎರಡು ಚುಕ್ಕೆ, ಮೊಂಡನ ಸುಳಿವಿಲ್ಲ. ಹೊಸ ಮರಿಗೆ ಇನ್ನೂ ಕೈಗೆ ಹೊಂದಿರಲಿಲ್ಲ, ಭುಜ ಸೇದುತ್ತಿತ್ತು. ಮೂರನೆಯ ದಿನ ಹೊತ್ತು ನೆತ್ತಿಗೆ ಬಂದಾಗ ಇಪ್ಪತ್ತಮೂರನೆಯ ಮರಿಗೆಯನ್ನು ಬಾಗಿಸಿದ ಜವರಮ್ಮನ ಕೈ ತಟ್ಟನೆ ನಿಂತಿತು. ಕರಿಮರಳಿನ ಅಂಚಿನಲ್ಲಿ ಒಂದು ಬೂದಿ ಬಣ್ಣದ ಕಾಳು. "ತಂಗಿ ಬಂದ್ಲು" ಎಂದರು ಮೆಲ್ಲಗೆ. ಸಂಜೆಯೊಳಗೆ ಇನ್ನೊಬ್ಬ ತಂಗಿ, ಒಬ್ಬ ಅಕ್ಕ. ಮೂರೂ ಚಪ್ಪಟೆ, ಮಸೂರದಲ್ಲಿ ನೋಡಿದರೆ ಪುಸ್ತಕದಲ್ಲಿ ಹೇಳಿದ ಹಾಗೇ ಆರು ಮೂಲೆ. ಸೋಮಶೇಖರಪ್ಪ ಚಪ್ಪಲಿ ಕಳಚುವುದನ್ನೂ ಮರೆತು ನೀರಿಗಿಳಿದಿದ್ದರು. ಆ ಸಂಜೆ ಡೇರೆಯಲ್ಲಿ ಎಲ್ಲರಿಗೂ ಬೆಲ್ಲದ ಕಾಫಿ, ಲಕ್ಕಯ್ಯನಿಗೆ ಎರಡು ಲೋಟ.

ಕಚೇರಿಯ ಕೆಲಸ, ಕಳಿಸಿದ ಆ ಮೂರು ಕಾಳುಗಳಿಗೆ ಉತ್ತರ ಬರಲು ಒಂದು ಮಳೆಗಾಲವೇ ಬೇಕಾಯಿತು. ಬಂದದ್ದು ಕಳೆದ ವಾರ. ಮೂರೂ ಕಾಳು ಹಳ್ಳದ್ದೇ, ಸಹಜವಾದದ್ದೇ, ಎರಡು ಒಂದು ಬಗೆ, ಒಂದು ಇನ್ನೊಂದು ಬಗೆ, ಗಣಿ ತೋಡುವಷ್ಟು ಇಲ್ಲ, ಆದರೆ ದಾಖಲೆಗೆ ಸೇರಿಸಿದೆ, ತೊಳೆಯುವವರನ್ನು ಬದಲಿಸತಕ್ಕದ್ದಲ್ಲ. ಕೊನೆಯ ಸಾಲನ್ನು ಜವರಮ್ಮ ಮೂರು ಸಲ ಓದಿಸಿದರಂತೆ. ಅರ್ಥವಾಗದೆ ಅಲ್ಲ, ಕೇಳಲು ಖುಷಿಯಾಗಿ. ಈಗ ಇದನ್ನು ಹೇಳುವಾಗಲೂ ಮರಿಗೆ ಆಡಿಸುವ ಕೈ ನಿಲ್ಲಿಸಿ, ಮುಖ ತುಂಬ ನಗುತ್ತಾರೆ.

ಆ ಗುಂಡಿಯ ರಾಶಿಯನ್ನು ಏನು ಮಾಡೋಣ, ಅದನ್ನೂ ನಿಮ್ಮ ಹೆಸರಿನಲ್ಲೇ ಕಳಿಸಲೇ ಎಂದು ಸೋಮಶೇಖರಪ್ಪ ಮೊನ್ನೆ ಕೇಳಿದರು. ನೂರಾರು ಕಾಳು, ವಸ್ತುಸಂಗ್ರಹಾಲಯದವರು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ ಎಂದೂ ಆಸೆ ತೋರಿಸಿದರು. ಜವರಮ್ಮ ಬೇಡವೆಂದು ತಲೆಯಾಡಿಸಿದರು.

"ಅದು ನಾವು ಹಾಕಿದ್ದು ಸ್ವಾಮಿ, ಅಲ್ಲೇ ಇರ್ಲಿ. ಹೊಳೆ ಕೊಟ್ಟಿದ್ದು ಮೂರು. ಆ ಮೂರರ ಚೀಟಿ ಮೇಲೆ ತೊಳೆದವಳು ಜವರಮ್ಮ ಅಂತ ಬರೀರಿ, ನಂಗೆ ಅಷ್ಟೇ ಬೇಕಿರೋದು."