ಗೇಟಿನ ಮಾನಪ್ಪನ ಮಗಳು ಪೆಟ್ಟಿಗೆ ವಿಮಾನ ಹತ್ತಿದ್ದು

ಭಗವಂತರಾಯನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ವಿಚಾರವೂ ಇಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರವಿದೆ. ದಿನಾ ಬೆಳಿಗ್ಗೆ ಮೇಣದಬತ್ತಿ ಹಚ್ಚುವಾಗ, ಸಿಟ್ಟು ಬಿಡು ತಾಯಿ ಎನ್ನುವ ಹಾಗೆ ಆತ ನನ್ನನ್ನು ನೋಡುತ್ತಾನೆ. ಇದೊಂದು ಬಿಟ್ಟು ಬೇರೆ ಏನಾದರೂ ಕೇಳಪ್ಪ ಎಂದು ಹೇಳಿ ನಾನು ಅಡುಗೆಮನೆಗೆ ಹೋಗುತ್ತೇನೆ. ನನ್ನ ಹೆಸರು ಶೇಖಮ್ಮ, ಶಹಾಪುರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾನು ಹೇಳಹೊರಟಿರುವುದು ನನ್ನ ಅಕ್ಕನ ಮಗಳು ಅಯ್ಯಮ್ಮನ ಕತೆ. ಅವಳು ವಿಮಾನ ಹಾರಿಸುತ್ತಾಳೆ. ಅದು ಎಂಥ ವಿಮಾನ, ಯಾಕೆ ಅಂಥದ್ದು ಎಂಬುದೇ ಕತೆ.

ಅವಳ ಅಪ್ಪ, ನನ್ನ ಭಾವ ಮಾನಪ್ಪ, ಸುರಪುರದ ಹತ್ತಿರ ದೇವಾಪುರದವನು. ಕಾಲುವೆ ಬಂದ ಮೇಲೆ ಅದರ ಉಪಕಾಲುವೆಯ ಗೇಟು ಕಾಯುವ ಕೆಲಸಕ್ಕೆ ದಿನಗೂಲಿಯ ಮೇಲೆ ಸೇರಿಕೊಂಡ. ಊರವರೆಲ್ಲ ಅವನನ್ನು ಗೇಟಿನ ಮಾನಪ್ಪ ಎಂದೇ ಕರೆಯುತ್ತಿದ್ದರು. ಗೇಟನ್ನು ಏರಿಸಿ ಇಳಿಸಲು ಮೊಳದುದ್ದದ ಕಬ್ಬಿಣದ ಹಿಡಿಕೆ ಇರುತ್ತದೆ, ನಮ್ಮವರು ಅದಕ್ಕೆ ಚಾವಿ ಅನ್ನುತ್ತಾರೆ. ಗೇಟು ಕಾಯುವವರಲ್ಲಿ ಒಂದು ಪದ್ಧತಿ ಇತ್ತು. ಚಾವಿಯನ್ನು ಯಾವತ್ತೂ ನೆಲಕ್ಕಿಡಬಾರದು. ಪಾಳಿ ಮುಗಿದಾಗ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೇ ಕೊಡಬೇಕು. ಕೊಟ್ಟವನು ಕೊಟ್ಟೆ ಅನ್ನಬೇಕು, ಇಸಿದುಕೊಂಡವನು ಬಂತು ಅನ್ನಬೇಕು. ಅಲ್ಲಿಂದ ಮುಂದೆ ನೀರಿನ ಹೊಣೆ ಇಸಿದುಕೊಂಡವನದು. ನೆಲಕ್ಕಿಟ್ಟ ಚಾವಿ ಕೊಟ್ಟ ಲೆಕ್ಕವಲ್ಲ.

ಊರ ಸಾಹುಕಾರ ಭಗವಂತರಾಯನ ಗದ್ದೆಗಳೆಲ್ಲ ಗೇಟಿನ ಮೇಲ್ಭಾಗದಲ್ಲಿ. ಸರದಿಯ ಪ್ರಕಾರ ವಾರದಲ್ಲಿ ಕೆಲವು ದಿನ ಅವನ ಕಡೆಯ ಗೇಟು ಇಳಿಸಿ ಕೆಳಗಿನವರಿಗೆ, ಕಾಲುವೆಯ ಬಾಲದ ಕಡೆಯವರಿಗೆ ನೀರು ಬಿಡಬೇಕು. ಬೇರೆಯವರು ಸಾಹುಕಾರನ ಮುಖ ನೋಡಿ ಗೇಟು ಇಳಿಸುವುದನ್ನೇ ಮರೆಯುತ್ತಿದ್ದರು. ಮಾನಪ್ಪ ಮರೆಯಲಿಲ್ಲ. ಒಂದು ವರ್ಷ ಭತ್ತ ತೆನೆ ಕಟ್ಟುವ ಹೊತ್ತಿಗೆ ಅವನು ಸರದಿಯಂತೆ ಗೇಟು ಇಳಿಸಿದ್ದೇ ತಡ, ಭಗವಂತರಾಯ ಮನೆಗೆ ಕರೆಸಿದ. ಅಂಗಳದ ತುಂಬ ಜನ. ಅಪ್ಪನ ಹಿಂದೆ ಐದನೇ ಇಯತ್ತೆಯ ಅಯ್ಯಮ್ಮನೂ ಹೋಗಿ ನಿಂತಿದ್ದಳು.

ನಾಳೆಯಿಂದ ಕೆಲಸ ಇಲ್ಲ, ಚಾವಿ ಕೊಡು ಎಂದ ಸಾಹುಕಾರ. ಮಾನಪ್ಪ ಎರಡೂ ಕೈಯಲ್ಲಿ ಚಾವಿ ಹಿಡಿದು ಮುಂದೆ ಹೋದ. ಭಗವಂತರಾಯ ಕೈ ಚಾಚಲಿಲ್ಲ.

"ನಿನ್ನ ಕೈಯಿಂದ ನಾ ಇಸಗೊಳ್ಳಬೇಕೇನು? ಅಲ್ಲೇ ಚಪ್ಪಲಿ ಬಾಜೂಕ ಇಡು."

ಮಾನಪ್ಪ ಚಾಚಿದ ಕೈ ಹಿಂದೆಗೆದನಂತೆ. ಆಮೇಲೆ ಬಗ್ಗಿ ಚಾವಿಯನ್ನು ಚಪ್ಪಲಿಗಳ ಪಕ್ಕದಲ್ಲಿಟ್ಟು ಬಂದ. ಅಂದಿನಿಂದ ಚಾವಿ ಸಾಹುಕಾರನ ಪಡಸಾಲೆಯ ಗೂಟಕ್ಕೆ ತೂಗಿತು, ಗೇಟನ್ನು ಅವನ ಆಳೇ ತಿರುವತೊಡಗಿದ. ಮೇಲಿನವರು ಯಾರೂ ಕೇಳಲಿಲ್ಲ. ಮಾನಪ್ಪ ಹತ್ತಿ ಬಿಡಿಸಲು, ಮೆಣಸಿನಕಾಯಿ ಹೊಲಕ್ಕೆ ಕೂಲಿಗೆ ಹೋದ. ಆದರೆ ಪ್ರತಿವರ್ಷ ಕಾಲುವೆಗೆ ನೀರು ಬಿಟ್ಟ ದಿನ ಗೇಟಿನ ಹತ್ತಿರ ಹೋಗಿ ನಿಂತು ಬರುತ್ತಿದ್ದ. ಯಾಕೆ ಹೋಗುತ್ತೀ ಎಂದು ನಾನು ರೇಗಿದರೆ, ನಾನಿನ್ನೂ ಡ್ಯೂಟಿ ಒಪ್ಪಿಸಿಲ್ಲ ಅನ್ನುತ್ತಿದ್ದ.

ಅಯ್ಯಮ್ಮ ಶಹಾಪುರದಲ್ಲಿ ನನ್ನ ಮನೆಯಲ್ಲೇ ಇದ್ದು ಓದಿದಳು. ಲೆಕ್ಕದಲ್ಲಿ ಬಹಳ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಪೈಲಟ್ ತರಬೇತಿಗೆ ಸರ್ಕಾರದ ಸಹಾಯ ಸಿಗುತ್ತದೆ ಎಂದು ಎಲ್ಲಿಂದಲೋ ಹುಡುಕಿಕೊಂಡು ಬಂದವಳೂ ಅವಳೇ. ಲೈಸೆನ್ಸು ಕೈಗೆ ಬಂದು ಬಹಳ ದಿನ ಕಾದ ಮೇಲೆ ಎರಡು ಕೆಲಸ ಒಟ್ಟಿಗೇ ಬಂದವು. ಒಂದು ಸರಕು ಸಾಗಿಸುವ ಕಂಪನಿ. ದೊಡ್ಡ ಜೆಟ್ ವಿಮಾನ, ಹೆಚ್ಚಾಗಿ ರಾತ್ರಿ ಹಾರಾಟ, ಹಿಂದೆ ಸೀಟುಗಳಿಲ್ಲ, ಬರೀ ಪೆಟ್ಟಿಗೆಗಳು: ಔಷಧಿ, ಮೊಬೈಲು, ಕೋಳಿಮರಿ. ಇನ್ನೊಂದು ಸಣ್ಣ ಊರುಗಳಿಗೆ ಹೋಗುವ ಕಂಪನಿ. ರೆಕ್ಕೆಯ ಮೇಲೆ ಫ್ಯಾನು ತಿರುಗುವ ಚಿಕ್ಕ ವಿಮಾನ, ದಿನಕ್ಕೆ ಐದಾರು ಸಲ ಏರುವುದು ಇಳಿಯುವುದು, ಮಳೆಗಾಲದಲ್ಲಿ ಮೋಡದೊಳಗೇ ಒದ್ದಾಟ. ಅದು ಕಲಬುರಗಿಗೂ ಬರುತ್ತಿತ್ತು.

ಅವಳಿಗೆ ಕಲಿಸಿದ ಹಿರಿಯ ಪೈಲಟ್ ಒಬ್ಬರು ತಿಳಿಸಿ ಹೇಳಿದ್ದರಂತೆ. ಸಣ್ಣ ವಿಮಾನದಲ್ಲಿ ಕೈ ಪಳಗುತ್ತದೆ. ಆದರೆ ದೊಡ್ಡ ಜೆಟ್ಟಿನ ಅನುಭವ ಇಷ್ಟು ಬೇಗ ಸಿಗುವುದು ಅಪರೂಪ, ಸಿಕ್ಕರೆ ಮುಂದೆ ಯಾವ ದೇಶದಲ್ಲೂ ಕೆಲಸ ಕೇಳಬಹುದು. ನಿನಗೆ ಸರಕಿನದೇ ಸರಿ ಎಂದಿದ್ದರು. ಅಯ್ಯಮ್ಮನ ಮನಸ್ಸೂ ಅತ್ತಲೇ ಇತ್ತು. ದೊಡ್ಡ ವಿಮಾನ ಎಂದರೆ ಅವಳಿಗೆ ಪ್ರಾಣ. ನನಗೆ ಫೋನು ಮಾಡಿ ಎಲ್ಲ ಹೇಳಿ, ಕೊನೆಗೆ ಒಂದು ಮಾತು ಸೇರಿಸಿದಳು. ಭಗವಂತರಾಯ ಈಗ ಗುತ್ತಿಗೆದಾರನೂ ಪುಢಾರಿಯೂ ಆಗಿ ವಾರವಾರವೂ ಕಲಬುರಗಿಯಿಂದ ಬೆಂಗಳೂರಿಗೆ ವಿಮಾನದಲ್ಲೇ ಓಡಾಡುತ್ತಾನಂತೆ.

"ಅವ ಬೆಲ್ಟ್ ಕಟಗೊಂಡು ಕುಂತಾಗ ನನ್ನ ಅಪ್ಪನ ಹೆಸರು ಕೇಳಬೇಕು ಚಿಗವ್ವ. ಅವನ ಜೀವ ಒಂದು ತಾಸು ಮಾನಪ್ಪನ ಮಗಳ ಕೈಯಾಗ ಇರಬೇಕು."

ಹಾಗಾದರೆ ಸಣ್ಣದಕ್ಕೇ ಸೇರು ಎಂದೆ. ನನಗೆ ಹೊಟ್ಟೆ ತಣ್ಣಗಾಯಿತು. ಅವಳು ಸಣ್ಣ ವಿಮಾನಕ್ಕೇ ಸೇರಿದಳು.

ಮೊದಲ ಸಲ ರಜೆಗೆ ಬಂದಾಗ ಅಪ್ಪನಿಗೆ ಅವಳು ಒಂದು ಸಂಗತಿ ಹೇಳಿದ್ದು ನೆನಪಿದೆ. ವಿಮಾನದಲ್ಲಿ ಇಬ್ಬರು ಪೈಲಟ್‌ಗಳು. ಒಬ್ಬರು ಇನ್ನೊಬ್ಬರಿಗೆ ಹಿಡಿತ ಬಿಟ್ಟುಕೊಡುವಾಗ ನಿನಗೆ ಕೊಟ್ಟೆ ಎಂದು ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ನನಗೆ ಬಂತು ಅನ್ನಬೇಕು. ಹಾಗೆ ಹೇಳದೆ ಕೈ ತೆಗೆಯುವಂತಿಲ್ಲ. ಮಾನಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮಗಳ ಮುಖ ನೋಡಿದ. ಅಲ್ಲೂ ಹಂಗ ಐತೇನು ಎಂದು ಎರಡೆರಡು ಸಲ ಕೇಳಿದ. ಎಷ್ಟೋ ವರ್ಷಗಳ ಮೇಲೆ ಅವನು ನಕ್ಕಿದ್ದು ನೋಡಿದೆ.

ಅಯ್ಯಮ್ಮ ಕಾದ ದಿನ ಎರಡನೇ ವರ್ಷ ಬಂತು. ಭಗವಂತರಾಯ ಬಿಳಿ ಬಟ್ಟೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ. ಅಂದಿನ ಕ್ಯಾಪ್ಟನ್ನಿಗೆ ಕನ್ನಡ ಬಾರದು, ಪ್ರಯಾಣಿಕರಿಗೆ ಸ್ವಾಗತ ಹೇಳುವ ಕೆಲಸ ಇವಳದು. ನಾನು ದೇವಾಪುರದ ಗೇಟಿನ ಮಾನಪ್ಪನ ಮಗಳು ಅಯ್ಯಮ್ಮ ಎಂದು ಒಂದೊಂದೇ ಮಾತು ಒತ್ತಿ ಹೇಳಿದಳಂತೆ. ಸಾಹುಕಾರ ತಲೆ ತಗ್ಗಿಸುತ್ತಾನೆ, ಬೆವರುತ್ತಾನೆ ಎಂದುಕೊಂಡಿದ್ದೆವು ನಾವು. ಆ ಗಂಡಸು ಚಪ್ಪಾಳೆ ತಟ್ಟಿದ. ನಮ್ಮೂರ ಹುಡುಗಿ, ಅವಳ ಅಪ್ಪ ನಮ್ಮ ಮನೆಯ ಮನುಷ್ಯ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದ. ಇಳಿದ ಮೇಲೆ ಮೆಟ್ಟಿಲ ಬುಡದಲ್ಲಿ ಕಾದು ನಿಂತು ಅವಳ ತಲೆಯ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡ. ವಾರದೊಳಗೆ ಸುರಪುರದ ಬಸ್‌ಸ್ಟ್ಯಾಂಡಿನ ಮುಂದೆ ಬ್ಯಾನರು ಎದ್ದಿತು. ಅವನ ಮುಖ ಎತ್ತಿನ ಗಾಡಿಯಷ್ಟು, ಅವಳದು ಅಂಗೈಯಷ್ಟು. ತಾನು ತಂದ ಕಾಲುವೆಯ ನೀರು ಕುಡಿದು ಬೆಳೆದ ಮಗಳು ಎಂದು ಕೆಳಗೆ ಬರೆಸಿದ್ದ.

ನಾನು ಆ ಬ್ಯಾನರಿನ ಮುಂದೆ ನಿಂತು ಅತ್ತೆ. ದುಃಖಕ್ಕಲ್ಲ, ಹರಿಯಲು ಅದು ಕೈಗೆ ಎಟುಕಲಿಲ್ಲ ಎಂಬ ಸಿಟ್ಟಿಗೆ.

ಅಯ್ಯಮ್ಮ ಅಳಲಿಲ್ಲ. ಅಪ್ಪನ ಚಾವಿ ಹಾಗಿರಲಿ, ನನ್ನ ಚಾವಿಯೂ ಇಷ್ಟು ದಿನ ಅವನ ಗೂಟಕ್ಕೇ ತೂಗುತ್ತಿತ್ತು ಎಂದಳು. ಯಾವ ವಿಮಾನ ಹಾರಿಸಬೇಕು ಎಂಬುದನ್ನೂ ಅವನನ್ನು ನೋಡಿ ಆರಿಸಿದೆ ಎಂದಳು. ಸರಕಿನ ಕಂಪನಿಗೆ ಮತ್ತೆ ಬರೆದಳು. ಅವರು ಬಾ ಎಂದರು. ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು, ನಿಯಮದ ಪ್ರಕಾರ ಉಳಿದ ತಿಂಗಳುಗಳನ್ನು ಮುಗಿಸುತ್ತಿದ್ದಾಗಲೇ ಭಗವಂತರಾಯನ ಫೋನು ಬಂತು.

ಅವನ ಹುಟ್ಟುಹಬ್ಬ ಹತ್ತಿರವಿತ್ತು. ಬೆಂಬಲಿಗರನ್ನೆಲ್ಲ ಕರೆದುಕೊಂಡು ಅವಳ ವಿಮಾನದಲ್ಲಿ ಬೆಂಗಳೂರಿಗೆ ಹೋಗಿ, ವಿಮಾನದೊಳಗೇ ಅವಳಿಗೆ ಸನ್ಮಾನ ಮಾಡುವ ಆಸೆಯಂತೆ. ನಮ್ಮ ಕಡೆ ದೇವಾಪುರದ ಬಸ್ಸು ಅಂದರೆ ಇಂಥ ಡ್ರೈವರನ ಬಸ್ಸು ಎಂದು ಗೊತ್ತಿರುತ್ತದೆ. ಡ್ರೈವರನ ಮದುವೆಯಾದರೆ ಬಸ್ಸಿಗೂ ಬಾಳೆಕಂಬ ಕಟ್ಟುತ್ತಾರೆ. ಕಲಬುರಗಿಯ ವಿಮಾನ ಅಂದರೆ ಅಯ್ಯಮ್ಮನ ವಿಮಾನ ಎಂದೇ ಅವನು ತಿಳಿದಿದ್ದ. ಇವಳು ತಿದ್ದಲಿಲ್ಲ. ಕಾಣಿಕೆ ಏನು ಕೊಡಲಿ ಎಂದು ಅವನೇ ಕೇಳಿದಾಗ ಮಾತ್ರ ಬಾಯಿಬಿಟ್ಟಳು.

"ನಿಮ್ಮ ಪಡಸಾಲ್ಯಾಗ ಗೇಟಿನ ಚಾವಿ ಐತೆಲ್ಲರಿ, ಅದನ್ನ ಕೊಡ್ರಿ. ಡಿಕ್ಕಿಗೆ ಹಾಕಬ್ಯಾಡ್ರಿ. ನಿಮ್ಮ ಕೈಯಾಗ ಹಿಡಕೊಂಡು ಬರ್ರಿ."

ಅವನು ಹಿಗ್ಗಿ ಹೀರೇಕಾಯಿಯಾದ. ಚಾವಿಗೆ ಬೆಳ್ಳಿಬಣ್ಣ ಬಳಿಸಿದ, ರಿಬ್ಬನ್ನು ಕಟ್ಟಿಸಿದ. ಫೋಟೊದಲ್ಲಿರಲಿ ಎಂದು ಮಾನಪ್ಪನಿಗೂ ನನಗೂ ಟಿಕೆಟ್ಟು ತೆಗೆಸಿದ. ಅಯ್ಯಮ್ಮ ನನಗೆ ಎಲ್ಲ ಹೇಳಿದ್ದಳು. ಅಪ್ಪನಿಗೆ ಹೇಳಿದ್ದು ಒಂದೇ ಮಾತು: ಒಳಗೆ ಹೋಗಬೇಡ, ಬಾಗಿಲ ಹೊರಗೇ ನಿಂತಿರು.

ಆ ಬೆಳಿಗ್ಗೆ ಕಲಬುರಗಿ ವಿಮಾನ ನಿಲ್ದಾಣದಲ್ಲಿ ಹಾರ ಹಿಡಿದ ಬಿಳಿ ಅಂಗಿಗಳ ಸಂತೆಯೇ ನೆರೆದಿತ್ತು. ತಲೆ ತಿರುಗುತ್ತದೆ, ನಾನು ಇಲ್ಲೇ ಇರುತ್ತೇನೆ ಎಂದು ಮಾನಪ್ಪ ಗಾಜಿನ ಬಾಗಿಲ ಹೊರಗೆ ನಿಂತ. ಸಾಮಾನು ಒಪ್ಪಿಸುವ ಕಡೆ ಹುಡುಗಿಯೊಬ್ಬಳು, ಈ ಕಬ್ಬಿಣವನ್ನು ಇಲ್ಲೇ ಕೊಡಿ ಎಂದು ಹೇಳಿಯೂ ಹೇಳಿದಳು. ಕೈಯಾರೆ ಕೊಡುವ ಕಾಣಿಕೆ ಎಂದು ಭಗವಂತರಾಯ ಅವಳನ್ನು ಗದರಿಸಿ ಮುಂದೆ ನಡೆದ. ಅವನ ಹಿಂದೆಯೇ ನಾನು.

ತಪಾಸಣೆಯ ಜಾಗದಲ್ಲಿ ಸಿಪಾಯಿ ಮೊದಲು ಪಾದರಕ್ಷೆ ಬಿಚ್ಚಿಸಿ ಟ್ರೇಯಲ್ಲಿ ಇಡಿಸಿದ. ಆಮೇಲೆ ಚಾವಿಯ ಕಡೆ ಕೈ ತೋರಿಸಿ ಅದನ್ನೂ ಅಲ್ಲೇ ಇಡಲು ಹೇಳಿದ. ಭಗವಂತರಾಯ ಇಟ್ಟ, ಚಪ್ಪಲಿಯ ಬಾಜೂಕ. ನನ್ನ ಕಣ್ಣಿಗೆ ಅಂದು ಹಬ್ಬ. ಇಷ್ಟು ಉದ್ದದ ಕಬ್ಬಿಣ ವಿಮಾನದೊಳಗೆ ಹೋಗುವುದಿಲ್ಲ ಎಂದ ಸಿಪಾಯಿ. ಸಾಮಾನಿನ ಕೌಂಟರು ಅಷ್ಟರಲ್ಲಿ ಮುಚ್ಚಿತ್ತು. ಸಾಹುಕಾರ ಹೆಸರು ಹೇಳಿದ, ಯಾರು ಯಾರಿಗೋ ಫೋನು ಹಚ್ಚಿದ. ಸಿಪಾಯಿ ಕೇಳಲಿಲ್ಲ. ಇಲ್ಲೇ ಬಿಟ್ಟು ಹೋಗಿ, ಇಲ್ಲವೆ ಹೊರಗೆ ನಿಮ್ಮವರು ಯಾರಾದರೂ ಇದ್ದರೆ ಕೊಟ್ಟು ಬನ್ನಿ ಎಂದ. ಬೆಂಬಲಿಗರೆಲ್ಲ ಒಳಗಿದ್ದರು. ಹೊರಗೆ ಉಳಿದವನು ಒಬ್ಬನೇ.

ಬರಿಗಾಲಲ್ಲೇ ಭಗವಂತರಾಯ ಬಾಗಿಲಿಗೆ ಹೋದ. ಅವನ ಹುಡುಗರು ಗಾಜಿನ ಈಚೆ ಸಾಲಾಗಿ ನಿಂತು ನೋಡುತ್ತಿದ್ದರು, ಇಬ್ಬರು ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದರು. ಮಾನಪ್ಪ ಎರಡೂ ಕೈ ಮುಂದೆ ಚಾಚಿದ್ದ. ಭಗವಂತರಾಯ ಅವನ ಕೈಯಲ್ಲಿ ಚಾವಿ ಇಟ್ಟು, ಹಿಡಿ, ಕೊಟ್ಟೇನಿ ಎಂದು ಗಡಿಬಿಡಿಯಲ್ಲಿ ಹೇಳಿ ತಿರುಗಿದ. ಬಂತ್ರಿ ಎಂದ ಮಾನಪ್ಪ.

ವಿಮಾನ ಬೆಂಗಳೂರಿನಲ್ಲಿ ಇಳಿದಾಗ ಸಾಹುಕಾರ ಹಾರ ಹಿಡಿದು ಪೈಲಟ್‌ಗಳ ಬಾಗಿಲ ಮುಂದೆ ನಿಂತ. ಬಾಗಿಲು ತೆರೆದು ಬಂದವರು ದಪ್ಪ ಮೀಸೆಯ ಸರ್ದಾರ್ಜಿ. ನಮ್ಮ ಅಯ್ಯಮ್ಮ ಎಲ್ಲಿ ಎಂದು ಕೇಳಿದ್ದಕ್ಕೆ, ಆಕೆ ಕೆಲಸ ಬಿಟ್ಟು ವಾರವಾಯಿತು, ಸರಕಿನ ವಿಮಾನಕ್ಕೆ ಹೋದಳು ಎಂದರು. ಹಾರವನ್ನು ಏನು ಮಾಡುವುದೆಂದು ತಿಳಿಯದೆ ಅವನು ಅವರ ಕೊರಳಿಗೇ ಹಾಕಿದ. ಸುರಪುರದಲ್ಲಿ ಈ ಕತೆಯನ್ನು ನಾನು ಹೇಳಬೇಕಾಗಿ ಬರಲಿಲ್ಲ. ಅವನ ಹುಡುಗರೇ ಹೇಳಿ ಮುಗಿಸಿದ್ದರು.

ಮಾನಪ್ಪ ಆ ದಿನವೇ ಬಸ್ಸು ಹತ್ತಿ ಊರಿಗೆ ಬಂದು ಗೇಟಿಗೆ ಹೋಗಿದ್ದ. ಅಂದು ಬಾಲದ ಕಡೆಯವರ ಸರದಿ. ಸಾಹುಕಾರನ ಕಡೆಯ ಗೇಟು ಇಳಿಸಿ ನೀರನ್ನು ಕೆಳಗೆ ಬಿಟ್ಟ. ಮೂರನೇ ದಿನ ಭಗವಂತರಾಯ ಜೀಪಿನಲ್ಲಿ ಬಂದಿಳಿದಾಗ, ಬಾಲದ ಕಡೆಯ ಹೆಂಗಸರು ಗಂಡಸರು ಕಾಲುವೆಯ ಏರಿಯ ತುಂಬ ನಿಂತಿದ್ದರು. ನಾನೂ ಇದ್ದೆ. ಚಾವಿ ತಾ ಎಂದ ಅವನು.

"ನೀವ ಕೈಯಾರ ಕೊಟ್ಟೀರಿ, ನಿಮ್ಮ ಮಂದೀನ ನೋಡ್ಯಾರ," ಎಂದ ಮಾನಪ್ಪ. ದನಿ ಏರಿಸಲಿಲ್ಲ. "ಬೇಕಂದ್ರ ಕೈ ಒಡ್ಡ್ರಿ ಸಾವ್ಕಾರ್ರ, ಕೊಡ್ತೀನಿ. ನೆಲಕ್ಕಂತೂ ಇಡೂದಿಲ್ಲ."

ಕೈ ಚಾಚುವುದಷ್ಟೇ ಇತ್ತು. ಭಗವಂತರಾಯನ ಬಲಗೈ ಸೊಂಟದ ತನಕ ಬಂತು. ಏರಿಯ ಮೇಲಿದ್ದವರನ್ನು ನೋಡಿ ಅಲ್ಲೇ ನಿಂತಿತು. ಮಾನಪ್ಪನ ಮುಂದೆ ಕೈ ಒಡ್ಡುವುದು ಅವನಿಂದ ಆಗಲಿಲ್ಲ. ಜೀಪು ಹತ್ತಿ ಹೋದ. ಚಾವಿ ಇವತ್ತಿಗೂ ಮಾನಪ್ಪನ ಹೆಗಲ ಮೇಲಿದೆ, ಬೆಳ್ಳಿಬಣ್ಣ ಅರ್ಧ ಉದುರಿದೆ.

ಅಂದು ಸಂಜೆಯೇ ಅಯ್ಯಮ್ಮನಿಗೆ ಫೋನು ಮಾಡಿದೆ. ಅವಳು ಸಮವಸ್ತ್ರ ಹಾಕಿಕೊಂಡು ತನ್ನ ಮೊದಲ ಜೆಟ್ಟಿಗೆ ಹೊರಟು ನಿಂತಿದ್ದಳು. ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಕೈ ಒಡ್ಡಿದನೇನು ಚಿಗವ್ವ?"

ಇಲ್ಲ ಎಂದೆ.

"ಹಂಗಾರ ಅಪ್ಪ ಡ್ಯೂಟಿ ಮ್ಯಾಲ ಅದಾನ. ನಾನೂ ಹೊಂಟೆ."