ಬಾಗಿಲ ಬಳಿ ನಿಂತಿದ್ದವರು

ಆ ಹೆರಿಗೆಯಲ್ಲಿ ಹೊಟ್ಟೆ ಒತ್ತಿದ್ದು ಆಯಾ. ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಎರಡು ವರ್ಷ ಹಾಗೆಂದೇ ನಂಬಿದ್ದೆ.

ಆಗ ನಾನು ಗೌರಿಬಿದನೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನರ್ಸ್. ಹೆರಿಗೆ ಕೋಣೆಯಲ್ಲಿ ಡಾಕ್ಟರ್ ಮೇಡಂ, ನಾನು ಮತ್ತು ನಗರಗೆರೆಯಿಂದ ಬರುತ್ತಿದ್ದ ಆಯಾ, ಮೂವರೇ. ಆಯಾಗೆ ಐವತ್ತು ದಾಟಿತ್ತು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ, ಅವರು ನನ್ನನ್ನು ಸಿಸ್ಟರಮ್ಮ ಅನ್ನುತ್ತಿದ್ದರು. ಅಕ್ಕನ ಕೈತುಂಬ ಹಸಿರು ಗಾಜಿನ ಬಳೆ. ಹೆರಿಗೆ ಕೋಣೆಯಲ್ಲಿ ಬಳೆ ಬೇಡ ಎಂದು ಮೇಡಂ ಎಷ್ಟು ಸಲ ಹೇಳಿದರೂ ಮೊಣಕೈಯತ್ತ ಸರಿಸಿಕೊಳ್ಳುತ್ತಿದ್ದರೇ ಹೊರತು ತೆಗೆಯುತ್ತಿರಲಿಲ್ಲ.

ಅಂದು ಬಂದಿದ್ದ ದಂಪತಿಗೆ ಅದು ಮೊದಲ ಮಗು. ಗಂಡ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಹೆಂಡತಿ ಶಾಲೆಯ ಟೀಚರ್. ಮಗು ಹುಟ್ಟುವುದನ್ನು ವಿಡಿಯೊ ಮಾಡಬೇಕೆಂಬುದು ಅವಳದೇ ಆಸೆ.

"ನೋವಲ್ಲಿ ನಂಗೇನೂ ಕಾಣಲ್ಲ ಮೇಡಂ. ಆಮೇಲಾದ್ರೂ ನೋಡ್ತೀನಿ" ಎಂದಿದ್ದಳು. ಗಂಡ ತಲೆದಿಂಬಿನ ಹತ್ತಿರವೇ ನಿಂತು ಮಾಡುವುದಾದರೆ ಮಾಡಲಿ ಎಂದು ಮೇಡಂ ಒಪ್ಪಿದರು.

ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮಗುವಿನ ತಲೆ ಬಂತು. ಬಂದದ್ದು ಅಲ್ಲೇ ನಿಂತಿತು, ಆಮೆಯ ತಲೆಯಂತೆ ತುಸು ಹಿಂದೆ ಸರಿಯಿತು. ಭುಜ ಒಳಗೆ ಸಿಕ್ಕಿಕೊಂಡಿತ್ತು. ಅಂಥ ಹೊತ್ತಿನಲ್ಲಿ ಹೊಟ್ಟೆಯನ್ನು ಮೇಲಿನಿಂದ ಒತ್ತಬಾರದು. ಒತ್ತಿದರೆ ಭುಜ ಇನ್ನಷ್ಟು ಬಿಗಿಯುತ್ತದೆ, ಕತ್ತಿನಿಂದ ಕೈಗೆ ಹೋಗುವ ನರಕ್ಕೆ ಪೆಟ್ಟಾಗುತ್ತದೆ. ನಮ್ಮ ಕೆಲಸದವರೆಲ್ಲ ಓದಿರುವ ಮಾತು. ಆದರೂ ಯಾರೋ ಒತ್ತಿದರು. ಬಳೆ ಝಲ್ಲೆಂದದ್ದು ನನಗೆ ಕೇಳಿಸಿತು. ಆಯಾ ಬಾಗಿ, ಎರಡೂ ಕೈ ಊರಿ ಒತ್ತುತ್ತಿದ್ದುದು ಕಂಡಿತು.

ಮಗು ಹೊರಗೆ ಬಂದು ತುಸು ತಡೆದು ಅತ್ತಿತು. ಹೆಣ್ಣು. ಎಡಗೈ ಗಾಳಿಯಲ್ಲಿ ಆಡುತ್ತಿತ್ತು. ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

"ಮೇಲಿಂದ ಒತ್ತಿದ್ದು ಯಾರು?" ಮೇಡಂ ಆಮೇಲೆ ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು. ಅವರ ಕಣ್ಣು ಮಗುವಿನ ಮೇಲಿತ್ತು, ಕೈಗಳನ್ನು ಅವರು ಗಮನಿಸಿರಲಿಲ್ಲ.

"ಅಕ್ಕ ಒತ್ತಿದ್ರು ಮೇಡಂ" ಎಂದೆ. ಸುಳ್ಳು ಹೇಳುತ್ತಿದ್ದೇನೆಂದು ಒಂದು ಕ್ಷಣವೂ ಅನ್ನಿಸಲಿಲ್ಲ.

ಆಯಾ ನನ್ನ ಮುಖ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು. "ಗಾಬರೀಲಿ ಒತ್ಬಿಟ್ನೇನೋ" ಎಂದರು. ಮೇಡಂ ದಂಪತಿಗೂ ಹಾಗೆಂದೇ ತಿಳಿಸಿ, ಅವತ್ತೇ ಅವರನ್ನು ಕೆಲಸದಿಂದ ಬಿಡಿಸಿದರು.

ಮುಂದೆ ನಾನು ಚಿಂತಾಮಣಿಗೆ ಬಂದು ನೆಲೆಸಿದೆ. ಒಂದು ಭಾನುವಾರ ಮಧ್ಯಾಹ್ನ ಆ ದಂಪತಿ ಮಗುವನ್ನು ಕರೆದುಕೊಂಡು ಮನೆಗೆ ಬಂದರು. ಮಗಳು ಎಡಗೈಯಲ್ಲಿ ಬಿಸ್ಕತ್ತು ತಿನ್ನುತ್ತ ಕೂತಳು. ಕೈಗೆ ಆಪರೇಷನ್ ಮಾಡಬೇಕಂತೆ, ಹೆರಿಗೆ ಹೇಗಾಯಿತೆಂದು ಬೆಂಗಳೂರಿನ ಡಾಕ್ಟರು ಕೇಳಿದ್ದಾರಂತೆ.

"ಇಷ್ಟು ದಿನ ಆ ವಿಡಿಯೊ ನೋಡಕ್ಕೆ ಧೈರ್ಯ ಬಂದಿರಲಿಲ್ಲ ಸಿಸ್ಟರ್" ಎಂದ ಗಂಡ. "ಮೊನ್ನೆ ನೋಡಿದ್ವಿ. ಎಲ್ಲರೂ ಮಾಸ್ಕ್ ಹಾಕ್ಕೊಂಡಿದೀರ. ಒತ್ತುತಾ ಇರೋದು ಆ ಆಯಮ್ಮಾನೇನಾ, ನೀವೇ ನೋಡಿ ಹೇಳಿ."

ಫೋನಿನಿಂದ ಹೆರಿಗೆಯ ಕೂಗು ಕೇಳಿಬಂತು. ಮಗು ಬೆಚ್ಚಿ, ಪಕ್ಕದಲ್ಲಿ ಕೂತಿದ್ದ ಅಮ್ಮನ ಮುಖ ನೋಡಿತು. ಅಮ್ಮನ ತುಟಿ ಮುಚ್ಚಿತ್ತು. ಕೂಗು ಮಾತ್ರ ಬರುತ್ತಲೇ ಇತ್ತು.

ಆಗ ಹೊಟ್ಟೆಯ ಮೇಲೆ ಎರಡು ಕೈ ಊರಿದವು. ಬಲ ಮುಂಗೈಯಲ್ಲಿ ಉದ್ದನೆಯ ಸುಟ್ಟ ಕಲೆ. ಅನ್ನದ ಗಂಜಿ ಬಿದ್ದು ಆದ ನನ್ನ ಕಲೆ. ಬಳೆಯ ಸದ್ದೇ ಇಲ್ಲ. ಹಿಂದುಗಡೆ, ಬಾಗಿಲ ಬಳಿ, ಮಗುವನ್ನು ಸುತ್ತುವ ಟವೆಲನ್ನು ಎರಡೂ ಕೈ ಮೇಲೆ ಹರಡಿಕೊಂಡು ಆಯಾ ನಿಂತಿದ್ದರು. ಕೊನೆಯವರೆಗೂ ಅಲ್ಲಾಡಲಿಲ್ಲ.

ಮತ್ತೊಮ್ಮೆ ಹಾಕಲು ಹೇಳಿದೆ. ಮತ್ತೊಮ್ಮೆ ನೋಡಿದರೂ ಅದೇ.

"ಅದು ನಾನು" ಎಂದೆ. "ಒತ್ತಿದ್ದು ನಾನು ಕಣಮ್ಮ."

ಗಂಡ ಫೋನ್ ಕೆಳಗಿಟ್ಟ. ಹೆಂಡತಿ ತಲೆಯಾಡಿಸಿದಳು. "ಇಲ್ಲ ಸಿಸ್ಟರ್. ಬಳೆ ಚುಚ್ಚಿದ್ದು ನಂಗೆ ಇನ್ನೂ ಗೊತ್ತಾಗತ್ತೆ, ಇಲ್ಲಿ" ಎಂದು ಹೊಟ್ಟೆ ಮುಟ್ಟಿಕೊಂಡಳು.

ವಿಡಿಯೊವನ್ನು ನನ್ನ ಫೋನಿಗೆ ಹಾಕಿಸಿಕೊಂಡು ಮರುದಿನವೇ ನಗರಗೆರೆಗೆ ಹೋದೆ. ಆಯಾ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಹೇಳಿ ಮುಗಿಸುವ ಮೊದಲೇ ಅವರ ಬಾಯಿಗೆ ಮನೆಮಾತು ತೆಲುಗು ಬಂತು, "ಕಾದಮ್ಮಾ, ಕಾದು", ಅಲ್ಲಮ್ಮ, ಅಲ್ಲ ಎಂದು. ಆಮೇಲೆ ಕನ್ನಡದಲ್ಲಿ, "ನೀನಲ್ಲ ಸಿಸ್ಟರಮ್ಮ, ನಾನೇ. ಹಿಂಗೆ ಒತ್ತಿದ್ದು" ಎಂದು ಮೊರದ ಮೇಲೆ ಎರಡೂ ಅಂಗೈ ಊರಿ, ಭುಜ ಬಗ್ಗಿಸಿ ತೋರಿಸಿದರು. ನನ್ನ ನೆನಪಿನಲ್ಲಿದ್ದ ಭಂಗಿಯೇ. ಕಾಳು ಚೆಲ್ಲಿದವು. "ಕೈಗೇ ಗೊತ್ತೈತೆ. ಮಗಳು ಹೆತ್ತಾಗ ಮೊಮ್ಮಗೂನ ಎತ್ಕೊಳ್ಳಲಿಲ್ಲ ನಾನು, ಈ ಕೈಗೆ ಹೆದರಿ."

ಫೋನ್ ಕೊಟ್ಟೆ. ಬಹಳ ಹೊತ್ತು ನೋಡಿದರು.

"ಬಾಗಿಲತ್ರ ನಿಂತವ್ಳಲ್ಲ, ಅವಳ್ಯಾರು?"

"ನೀವೇ ಅಕ್ಕ."

"ನಾನಲ್ಲ. ಅವ್ಳು ಸುಮ್ನೆ ನಿಂತವ್ಳೆ. ನಾನು ಸುಮ್ನೆ ನಿಂತಿರ್ಲಿಲ್ಲ."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಎದುರಿಗೆ ಕೂತ ನನಗೆ, ಎರಡು ವರ್ಷದ ಹಿಂದೆ ನನ್ನ ಬಾಯಿಂದ ಹೊರಟ ಒಂದು ಮಾತು ಅವರ ಕೈಯೊಳಗೆ ಹೋಗಿ ಕೂತಿರುವಂತೆ ಕಂಡು ಹೆದರಿಕೆಯಾಯಿತು.

ಮೇಡಂಗೆ ಎಲ್ಲವನ್ನೂ ಬರೆದು ಕೊಟ್ಟೆ. ಅವರೇ ಹೋಗಿ ಕ್ಷಮೆ ಕೇಳಿ ಕೆಲಸಕ್ಕೆ ಕರೆದರೂ ಆಯಾ ಹೋಗಲಿಲ್ಲ. ಮೊಮ್ಮಗುವನ್ನು ಮಾತ್ರ ಈಗ ಎತ್ತಿಕೊಳ್ಳುತ್ತಾರೆಂದು ಅವರ ಮಗಳು ಹೇಳಿದಳು. ಆ ದಂಪತಿಯ ಮಗುವಿಗೆ ಆಪರೇಷನ್ ಆಯಿತು, ಕೈ ಭುಜದ ಎತ್ತರಕ್ಕೆ ಬರುತ್ತದೆ. ಇದನ್ನು ತಿಳಿಸಿದ್ದು ತಾಯಿ. ತಂದೆ ನನ್ನೊಡನೆ ಮತ್ತೆ ಮಾತಾಡಿಲ್ಲ, ನಾನೂ ನಿರೀಕ್ಷಿಸಿಲ್ಲ. ಹೆರಿಗೆ ಕೋಣೆಯ ಕೆಲಸ ಬಿಟ್ಟೆ. ಈಗ ಮಕ್ಕಳಿಗೆ ಲಸಿಕೆ ಹಾಕುತ್ತೇನೆ.

ಆದರೂ ಆ ದಿನವನ್ನು ನೆನೆದರೆ ಇಂದಿಗೂ ಬಾಗಿ ಒತ್ತುವವರು ಆಯಾನೇ. ಆಗ ಫೋನಿನಲ್ಲಿ ಆ ವಿಡಿಯೊ ಹಾಕಿ, ಆ ಕೈ ನನ್ನದೇ ಎಂದು ನೋಡಿಕೊಳ್ಳುತ್ತೇನೆ. ನೋಡುತ್ತಿರುವಷ್ಟು ಹೊತ್ತು ಮಾತ್ರ ಅದು ನನ್ನದಾಗಿರುತ್ತದೆ.